ವಾಸನೆ ಹತ್ತದ ತೀರ್ಪುಗಾರ

ತಕರಾರಪ್ಪ ಊಟಕ್ಕೆ ಕುಳಿತ, ಬಡಿಸಿದ್ದನ್ನೆಲ್ಲ ತಿಂದ, ಕೈ ತೊಳೆದು ಎದ್ದುಹೋದ. ನಡೆದದ್ದು ಇಷ್ಟೇ. ಆದರೆ ಮೇಜಿನ ಬಳಿ ಉಳಿದ ಇಬ್ಬರು ಹೆಂಗಸರು, ಅಂದರೆ ಅವನ ಹೆಂಡತಿ ಮತ್ತು ಹೆಂಡತಿಯ ತಾಯಿ, ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮದುವೆಯಾದಂದಿನಿಂದ ಆ ಮೇಜಿನ ಮೇಲೆ ತಕರಾರಿಲ್ಲದೆ ಒಂದು ಊಟವೂ ಮುಗಿದಿರಲಿಲ್ಲ.

“ಏನೂ ಅನ್ಲಿಲ್ಲ,” ಎಂದಳು ಹೆಂಡತಿ.

“ಮೈಗೆ ಹುಷಾರಿಲ್ವೇನೋ,” ಎಂದರು ತಾಯಿ.

“ಜ್ವರ ಬಿಟ್ಟು ಎಷ್ಟೋ ದಿನ ಆಯ್ತಲ್ಲಮ್ಮ.”

“ಹಾಗಾದ್ರೆ ಕೆಲಸಕ್ಕೇ ಕುತ್ತು ಬಂದಿರ್ಬೇಕು. ಅನ್ನ ಇವತ್ತು ತಳ ಹಿಡಿದಿತ್ತು. ನನಗೇ ವಾಸನೆ ಬಡೀತಿತ್ತು. ನಿನ್ನ ಗಂಡ ಎರಡು ಸಲ ಹಾಕಿಸ್ಕೊಂಡ್ರು.”

ಮುದುಕಿ ಅರ್ಧ ಸರಿಯಾಗಿಯೇ ಊಹಿಸಿದ್ದರು.

ತಕರಾರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮದುವೆಯ ಊಟದ ಹೊತ್ತಿನಲ್ಲಿ ಅವನು ಅಡುಗೆಯವರನ್ನು ಕರೆಸಿಕೊಂಡು, “ತಪ್ಪು ತಿಳ್ಕೋಬೇಡಿ, ಈ ಅನ್ನದಲ್ಲಿ ಅರ್ಧ ಬೆಂದಿದೆ, ಇನ್ನರ್ಧ ನೆಂದಿದೆ ಅಷ್ಟೆ,” ಎಂದಿದ್ದ. ಹೊಸ ಅತ್ತೆ ಅಲ್ಲಿಯೇ ನಾಮಕರಣ ಮಾಡಿ ಮುಗಿಸಿದರು. ಅವನು ಅತ್ತೆಯ ಮನೆಯಲ್ಲಿಯೇ ಉಳಿದ ಅಳಿಯ. ಮನೆ ಅವರದು, ಒಲೆ ಅವರದು, ಸೌಟು ಅವರದು. ಇಂಥ ಸ್ಥಿತಿಯಲ್ಲಿ ಬೇರೆ ಯಾರೇ ಆಗಿದ್ದರೂ ಹಾಕಿದ್ದನ್ನು ಉಂಡು ತೆಪ್ಪಗಿರುತ್ತಿದ್ದರು. ಅವನಿಗೆ ಆ ಬುದ್ಧಿ ಬರಲಿಲ್ಲ. ಪ್ರತಿ ಊಟಕ್ಕೂ “ಅತ್ತೆ, ತಪ್ಪು ತಿಳ್ಕೋಬೇಡಿ” ಎಂದು ಆರಂಭಿಸುತ್ತಿದ್ದ. ಅತ್ತೆ ಪ್ರತಿ ಊಟಕ್ಕೂ ತಪ್ಪು ತಿಳಿದುಕೊಳ್ಳುತ್ತಿದ್ದರು.

ಅವನ ತಂದೆ ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುತ್ತಿದ್ದವರು. ಮಗನನ್ನು ಪ್ರತಿಯೊಂದರ ಮೇಲೂ ಕೂರಿಸಿ, ಎಲ್ಲಿ ಚುಚ್ಚುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಕೇಳುತ್ತಿದ್ದರು. ಹೀಗೆ ಕೂರುವುದನ್ನೂ ಕೂತು ದೂರುವುದನ್ನೂ ಅವನು ಎಳವೆಯಲ್ಲೇ ಕಲಿತ. ಮುಂದೆ ಒಂದು ಕಾರ್ಡ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಕಾರ್ಡ್ ಇದ್ದವರಿಗೆ ವಿಮಾನ ನಿಲ್ದಾಣಗಳ ಲೌಂಜಿನ ಬಾಗಿಲು ತೆರೆಯುತ್ತದೆ. ಹೊರಗೆ ಉಕ್ಕಿನ ಕುರ್ಚಿಯಲ್ಲಿ ಕೂತು ಬೆನ್ನು ನೋಯಿಸಿಕೊಳ್ಳುವ ಬದಲು ಒಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂತು, ಬೇಕಾದ್ದನ್ನು ಬಡಿಸಿಕೊಂಡು ತಿಂದು, ವಿಮಾನ ಕರೆಯುವವರೆಗೆ ಕಾಲು ಚಾಚಬಹುದು. ಅವನನ್ನು ಮೊದಲು ನೆಲಮಾಳಿಗೆಯಲ್ಲಿ ಕೂರಿಸಿದ್ದರು. ಕಿವಿಗೆ ಫೋನು ಸಿಕ್ಕಿಸಿಕೊಂಡು, ಲೌಂಜಿನ ಕಾಫಿ ತಣ್ಣಗಿತ್ತು, ಟವೆಲ್ಲು ಒದ್ದೆಯಾಗಿತ್ತು ಎಂದು ಕೂಗಾಡುವ ಪ್ರಯಾಣಿಕರನ್ನು ಸಮಾಧಾನ ಮಾಡುವ ಕೆಲಸ. ಕಿಟಕಿ ಇರಲಿಲ್ಲ. ಪಕ್ಕದಲ್ಲಿ ನೀರಿನ ಪಂಪು ಇತ್ತು. ಸಮಾಧಾನ ಮಾಡುವ ಬದಲು ಅವನು, “ಟವೆಲ್ ಒದ್ದೆ ಅಂದ್ರಲ್ಲ, ಅಂಚು ಬಿಚ್ಚಿರೋದನ್ನ ಗಮನಿಸಿದ್ರಾ?” ಎಂದು ದೂರಿಗೆ ದೂರು ಸೇರಿಸುತ್ತಿದ್ದ. ಇವನನ್ನು ಫೋನಿನ ಮುಂದೆ ಇಟ್ಟುಕೊಂಡರೆ ಕಂಪನಿ ಮುಳುಗುತ್ತದೆ ಎಂದು ಮೇಲಿನವರು ಅವನನ್ನು ಲೌಂಜುಗಳ ತೀರ್ಪುಗಾರನನ್ನಾಗಿ ಮಾಡಿದರು.

ಆ ಕೆಲಸಕ್ಕೆ ಅವನು ಹೇಳಿ ಮಾಡಿಸಿದ ಹಾಗಿದ್ದ. ಸಾಮಾನ್ಯ ಪ್ರಯಾಣಿಕನಂತೆ ಒಳಗೆ ಹೋಗುತ್ತಿದ್ದ. ಕೂತ ಕೂಡಲೇ ಕುರ್ಚಿಯ ಸಂದಿಗೆ ಬೆರಳು ತೂರಿಸಿ, ಯಾವ ಕಾಲದ್ದೋ ಬಿಸ್ಕತ್ತಿನ ಚೂರನ್ನು ಹೊರಗೆಳೆಯುತ್ತಿದ್ದ. ಹಿಂದಕ್ಕೆ ಒರಗಿ, ಮೇಲಿನ ದೀಪ ಕಣ್ಣಿಗೆ ಕುಕ್ಕುತ್ತದೆಯೇ, ತಣ್ಣನೆ ಗಾಳಿ ನೆತ್ತಿಗೇ ಬಡಿಯುತ್ತದೆಯೇ ಎಂದು ನೋಡುತ್ತಿದ್ದ. ಬಡಿಸಿಕೊಳ್ಳುವ ಸಾಲಿನಲ್ಲಿರುವ ಪ್ರತಿಯೊಂದು ಪಾತ್ರೆಯಿಂದಲೂ ಒಂದೊಂದು ಚಮಚ ರುಚಿ ನೋಡಿ, ಫೋನಿನಲ್ಲಿ ಅಂಕ ಹಾಕುತ್ತಿದ್ದ. ಒಂಟಿಯಾಗಿ ಬಂದು ಎಲ್ಲವನ್ನೂ ಮೂಸುವವನನ್ನು ಲೌಂಜಿನವರು ಬೇಗ ಗುರುತು ಹಿಡಿಯುತ್ತಾರೆಂದು, ತೀರ್ಪುಗಾರರು ಮನೆಯವರಲ್ಲೊಬ್ಬರನ್ನು ಜೊತೆಗೆ ಕರೆತರಬಹುದೆಂಬ ಪದ್ಧತಿ ಕಂಪನಿಯಲ್ಲಿತ್ತು. ಹೆಂಡತಿ ಒಂದು ಸಲ ಹೋಗಿ ಬಂದು, “ರೀ, ಮನೆಯಲ್ಲಿ ಕೇಳೋದನ್ನೇ ಬಸ್ಸು ಹತ್ತಿ ಹೋಗಿ ಕೇಳ್ಬೇಕಾ?” ಎಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಕಟ್ಟಿಕೊಂಡು ಹೋಯಿತು. ಸೋಪು, ಸೂಪು ಎರಡೂ ಒಂದೇ ಆದವು. ವೈದ್ಯರು, “ಬರತ್ತೆ, ಯಾವಾಗ ಅಂತ ಹೇಳೋಕಾಗಲ್ಲ,” ಎಂದರು. ತಕರಾರಪ್ಪ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನೆಲಮಾಳಿಗೆ ಕಾದಿತ್ತು, ಪಂಪು ಕಾದಿತ್ತು. ಬಣ್ಣ ನೋಡಿ, ಹಬೆ ನೋಡಿ, ಹಳೆಯ ಅನುಭವದ ಮೇಲೆ ಅಂಕ ಹಾಕುತ್ತ ಹೋದ. ಒಂದು ಲೌಂಜಿನ ಕಾಫಿಯನ್ನು ಬಾಯಿ ತುಂಬ ಹೊಗಳಿದ. ಆ ದಿನ ಅಲ್ಲಿ ಹಾಲು ಹುಳಿಯಾಗಿತ್ತು. ಕಾಫಿ ಕುಡಿದವರೆಲ್ಲ ಕಂಪನಿಗೆ ಫೋನು ಮಾಡಿ ಉಗಿದರು.

ತೀರ್ಪುಗಾರರಿಗೆಲ್ಲ ಹಿರಿಯಳಾದ ಒಬ್ಬ ಹೆಂಗಸಿದ್ದಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ನಾಲಿಗೆ ಮೇಡಂ ಎನ್ನುತ್ತಿದ್ದರು. ಅವಳು ತಕರಾರಪ್ಪನನ್ನು ಕರೆಸಿದಳು.

“ಹುಳಿ ಹಾಲಿಗೆ ಇಷ್ಟೊಂದು ಅಂಕ ನಾನು ಜನ್ಮದಲ್ಲೇ ಕಂಡಿಲ್ಲ. ಈ ವಾರ ಜೋಡಿ ತೀರ್ಪು. ಒಂದೇ ಲೌಂಜು, ಒಂದೇ ಹೊತ್ತು, ನೀವೊಂದು ಮೂಲೆ, ನಾನೊಂದು ಮೂಲೆ. ಅಂಕಗಳು ಹೊಂದಿದ್ರೆ ಸರಿ. ಹೊಂದದಿದ್ರೆ, ಕೆಳಗೆ ನಿಮ್ಮ ಹಳೇ ಕುರ್ಚಿ ಖಾಲಿ ಇದೆ.”

ಈ ಮಾತು ಕೇಳಿಸಿಕೊಂಡು ಮನೆಗೆ ಬಂದು, ತಳ ಹಿಡಿದ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡವನು ಈ ತಕರಾರಪ್ಪ.

ಅತ್ತೆ ಪರೀಕ್ಷೆಗಿಳಿದರು. ಮರುದಿನ ಬೆಳಗ್ಗೆ ಅವನ ಟೀಗೆ ಸಕ್ಕರೆ ಹಾಕಲಿಲ್ಲ. ಕುಡಿದ. ಸಂಜೆ ಸಕ್ಕರೆಯ ಜಾಗದಲ್ಲಿ ಉಪ್ಪು ಹಾಕಿದರು. ಪತ್ರಿಕೆ ಓದುತ್ತ ಅದನ್ನೂ ಕುಡಿದ. ಅದರ ಮಾರನೆಯ ಬೆಳಗ್ಗೆ ಉಪ್ಪಿನ ಜೊತೆಗೆ ಒಂದು ಚಮಚ ಮೆಣಸಿನ ಪುಡಿಯನ್ನೂ ಕಲಸಿ ತಂದಿಟ್ಟು ಎದುರಿಗೇ ಕುಳಿತರು. ಒಂದು ಗುಟುಕಿಗೆ ಅವನ ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾಯಿತು.

“ಟೀ ಇವತ್ತು ಖಡಕ್ಕಾಗಿದೆ, ಅತ್ತೆ,” ಎಂದ.

“ಮೂಗು ಯಾವಾಗ ಹೋಯ್ತು, ಅಳಿಯಂದಿರೇ?”

ತಕರಾರಪ್ಪ ಲೋಟ ಕೆಳಗಿಟ್ಟ. ಸುಳ್ಳು ಹೇಳಲು ಬಾಯಿ ತೆರೆದ. ಬಾಯೆಲ್ಲ ಉರಿಯುತ್ತಿದ್ದುದರಿಂದ ನಿಜವೇ ಹೊರಬಂತು. ಜ್ವರ, ಹಾಲು, ನಾಲಿಗೆ ಮೇಡಂ, ನೆಲಮಾಳಿಗೆ, ಎಲ್ಲವನ್ನೂ ಹೇಳಿದ.

ಅತ್ತೆ ಕನಿಕರಪಡಲಿಲ್ಲ. ಅವರ ಕಣ್ಣು ಮಿನುಗಿತು. “ಅಂದ್ರೆ ಇಷ್ಟು ದಿನ ನಾನು ಏನು ಹಾಕಿದ್ರೂ ನಡೀತಿತ್ತು. ಛೆ, ಮೊದಲೇ ಗೊತ್ತಾಗ್ಲಿಲ್ಲ. ಆ ಹಳೇ ಬೇಳೆ ಖರ್ಚು ಮಾಡ್ಬಿಡ್ತಿದ್ದೆ.”

“ಅತ್ತೆ, ತಮಾಷೆ ಅಲ್ಲ. ನೀವು ನನ್ನ ಜೊತೆ ಲೌಂಜಿಗೆ ಬನ್ನಿ. ನೀವು ರುಚಿ ನೋಡಿ ಹೇಳಿ, ನಾನು ಅಂಕ ಹಾಕ್ತೀನಿ. ಆಯುಷ್ಯವಿಡೀ ಅಡುಗೆ ಮಾಡಿದ ನಾಲಿಗೆ ನಿಮ್ಮದು.”

“ಆ ನಾಲಿಗೆಗೆ ನೀವು ಇಷ್ಟು ವರ್ಷ ಕೊಟ್ಟ ಮರ್ಯಾದೆ ನೆನಪಿದೆ,” ಎಂದರು ಅತ್ತೆ. ಆದರೆ ಒಳ್ಳೆಯ ಶಾಲು ಇಸ್ತ್ರಿ ಮಾಡಲು ಆಗಲೇ ಎದ್ದಿದ್ದರು.

ವಿಮಾನ ನಿಲ್ದಾಣವನ್ನು ಅವರು ಒಳಗಿನಿಂದ ಕಂಡದ್ದು ಅದೇ ಮೊದಲು. ತಪಾಸಣೆಯವರು ಕೈಚೀಲ ತೆಗೆಸಿದಾಗ, “ನಿಧಾನ, ಅದರಲ್ಲಿ ಕನ್ನಡಕ ಇದೆ,” ಎಂದು ಗದರಿದರು. ಲೌಂಜಿನ ಬಾಗಿಲಲ್ಲಿ ನಿಂತು ಅಳಿಯನನ್ನು ಕೇಳಿದರು: “ಇದಾದ್ಮೇಲೆ ವಿಮಾನ ಹತ್ತಬೇಕಾ?”

“ಇಲ್ಲ ಅತ್ತೆ. ಟಿಕೆಟ್ ಒಳಗೆ ಬರೋದಕ್ಕೆ ಮಾತ್ರ. ಆಮೇಲೆ ರದ್ದು ಮಾಡ್ತಾರೆ.”

“ಒಳ್ಳೇದಾಯ್ತು. ಊಟ ಕೆಳಗೇ ಇರುವಾಗ ಮೇಲೆ ಹೋಗಿ ಏನು ಮಾಡೋದು?”

ಒಳಗೆ ಕಂಬದಾಚೆ, ಕಿಟಕಿಯ ಪಕ್ಕದಲ್ಲಿ ನಾಲಿಗೆ ಮೇಡಂ ಆಗಲೇ ಕೂತಿದ್ದಳು. ಮಾತು ಕೇಳಿಸದಷ್ಟು ದೂರ, ಮುಖ ಕಾಣುವಷ್ಟು ಹತ್ತಿರ. ತಕರಾರಪ್ಪ ಅತ್ತೆಯನ್ನು ಕೂರಿಸಿ ಬಡಿಸಿಕೊಳ್ಳುವ ಸಾಲಿಗೆ ಹೋದ. ಸೂಪು, ಬ್ರೆಡ್ಡು, ಮೊಟ್ಟೆ, ಬೇಯಿಸಿದ ತರಕಾರಿ, ಅನ್ನ, ಸಿಹಿಗೆಂದು ನಡುಗುವ ಒಂದು ಹಳದಿ ಪುಡಿಂಗು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಂದು ಅವರ ಮುಂದೆ ಹರಡಿದ. ತನ್ನ ಮುಂದೆಯೂ ಇಟ್ಟುಕೊಂಡ. ಅತ್ತೆ ಸೂಪಿನ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಹೇಗಿದೆ?” ಎಂದು ಪಿಸುಗುಟ್ಟಿದ ಅಳಿಯ.

“ಚೆನ್ನಾಗಿದೆ.”

“ಉಪ್ಪು?”

“ಇದೆ.”

“ಇದೆ ಅಂದ್ರೆ? ಹೆಚ್ಚೋ, ಕಮ್ಮಿಯೋ?”

“ಹಾಕಿದಾರಲ್ಲ ಪಾಪ, ಅದೇ ದೊಡ್ಡದು.”

ಅವನು ಬ್ರೆಡ್ಡನ್ನು ಮುಂದೆ ತಳ್ಳಿದ. ಬ್ರೆಡ್ಡೂ ಚೆನ್ನಾಗಿತ್ತು. ಮೊಟ್ಟೆ ಇನ್ನೂ ಚೆನ್ನಾಗಿತ್ತು. ಅವನ ಕಣ್ಣಿಗೇ ಒಣಕಲಾಗಿ ಕಾಣುತ್ತಿದ್ದ ತರಕಾರಿ ಅಮೃತವಾಗಿತ್ತು.

“ಅತ್ತೆ, ನಿಮ್ಮ ನಾಲಿಗೆಗೂ ಜ್ವರ ಬಂತಾ? ತರಕಾರಿಯವನು ಕೊಟ್ಟ ಒಂದು ಬದನೆಕಾಯಿ ಹಿಡ್ಕೊಂಡು ಬೀದಿಗೆಲ್ಲ ಕೇಳೋ ಹಾಗೆ ಜಗಳ ಆಡೋರು ನೀವು!”

“ಅದು ನಾನು ಹೆಚ್ಚಬೇಕು, ನಾನು ಬೇಯಿಸ್ಬೇಕು, ಆಮೇಲೆ ನಿಮ್ಮ ಹತ್ರ ಅನ್ನಿಸ್ಕೊಳ್ಳಬೇಕು. ಜಗಳ ಆಡದೆ ಇರ್ತೀನಾ? ಇದನ್ನ ಯಾರೋ ಬೇಯಿಸಿದ್ರು, ನೀವು ತಂದ್ಕೊಟ್ರಿ, ಪಾತ್ರೆ ಇನ್ಯಾರೋ ತೊಳೀತಾರೆ. ಇದರಲ್ಲಿ ನಾನು ಏನಂತ ಹುಳುಕು ಹುಡುಕ್ಲಿ?”

ಈ ಅಂಶ ತಕರಾರಪ್ಪನ ಲೆಕ್ಕದಲ್ಲಿ ಬಂದಿರಲಿಲ್ಲ. ತಾನು ಮಾಡದ ಅಡುಗೆಯೆಲ್ಲ ರುಚಿಯೇ ಎಂಬ ನಾಲಿಗೆಯನ್ನು ಅವನು ಪರೀಕ್ಷೆಗೆ ಕರೆತಂದಿದ್ದ. ಕಂಬದಾಚೆ ನಾಲಿಗೆ ಮೇಡಂ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಫೋನಿನ ಮೇಲೆ ಏನನ್ನೋ ಒತ್ತುತ್ತಿದ್ದಳು. ಪಂಪಿನ ಸದ್ದು ಅವನ ಕಿವಿಯಲ್ಲಿ ಆಗಲೇ ಶುರುವಾಗಿತ್ತು.

ದಿಕ್ಕು ತೋಚದೆ ಕೇಳಿದ: “ಸರಿ, ಹೋಗ್ಲಿ. ಇದೇ ಸೂಪನ್ನ ನೀವು ಮನೆಯಲ್ಲಿ ಮಾಡಿ ನನಗೆ ಹಾಕಿದ್ರೆ, ನಾನು ಏನಂತಿದ್ದೆ?”

ಬಾಯಿಯತ್ತ ಹೊರಟಿದ್ದ ಅತ್ತೆಯ ಚಮಚ ಅರ್ಧದಾರಿಯಲ್ಲಿ ನಿಂತಿತು. ಅವರು ಬೆನ್ನು ನೆಟ್ಟಗೆ ಮಾಡಿದರು. ಗದ್ದ ಮೇಲಕ್ಕೆ ಹೋಯಿತು, ಒಂದು ಹುಬ್ಬು ಅದರ ಹಿಂದೆಯೇ ಹೋಯಿತು. ಮೂಗಿನ ಹೊಳ್ಳೆಗಳು ಕಿರಿದಾದವು.

“ ‘ಅತ್ತೆ, ತಪ್ಪು ತಿಳ್ಕೋಬೇಡಿ,’ ” ಎಂದರು. ದನಿ ಕೂಡ ಬದಲಾಗಿತ್ತು. “ ‘ಈ ಸೂಪಿನಲ್ಲಿ ಟೊಮೆಟೊ ಸ್ನಾನ ಮಾಡಿ ಎದ್ದು ಹೋಗಿದೆ. ಉಳಿದಿರೋದು ಹಿಟ್ಟು. ಅದರ ಹಸಿ ವಾಸನೆಯೂ ಹೋಗಿಲ್ಲ. ಉಪ್ಪು ಕೊನೇಲಿ ನೆನಪಾಗಿ ಹಾಕಿದ್ದು, ಅದಕ್ಕೇ ತುಟಿಗೆ ಹತ್ತತ್ತೆ, ಒಳಗೆ ಇಳಿದಿಲ್ಲ.’ ”

ತಕರಾರಪ್ಪ ಕನ್ನಡಿಯ ಮುಂದೆ ನಿಂತವನಂತೆ ನೋಡಿದ. “ನಾನು ಹೀಗೆ ಮಾತಾಡ್ತೀನಾ?”

“ಇನ್ನೂ ಸ್ವಲ್ಪ ಮೂಗಿಂದ.”

ಅವಮಾನಕ್ಕೆ ಆಗ ಪುರುಸೊತ್ತಿರಲಿಲ್ಲ. ಅವನು ಮೇಜಿನ ಕೆಳಗೆ ಫೋನು ಹಿಡಿದು ಸೂಪಿಗೆ ಅಂಕ ಹಾಕಿ, ಪಕ್ಕದಲ್ಲಿ ‘ಹಸಿ ಹಿಟ್ಟು’ ಎಂದು ಬರೆದ. “ಬ್ರೆಡ್?”

“ ‘ತಪ್ಪು ತಿಳ್ಕೋಬೇಡಿ, ಇದು ಬೆಳಗ್ಗೆ ಮೆತ್ತಗಿತ್ತು ಅನ್ನೋದಕ್ಕೆ ಯಾರಾದ್ರೂ ಸಾಕ್ಷಿ ಇದಾರಾ?’ ”

“ಮೊಟ್ಟೆ?”

“ ‘ಇದನ್ನ ಬೇಯಿಸಿದಾರೋ, ಶಿಕ್ಷೆ ಕೊಟ್ಟಿದಾರೋ? ನೆಲಕ್ಕೆ ಬಿಟ್ರೆ ಪುಟಿಯತ್ತೆ.’ ”

ಅತ್ತೆಗೆ ಹುರುಪು ಬಂದಿತ್ತು. ಇಷ್ಟು ವರ್ಷ ಕೇಳಿ ಕೇಳಿ ಒಳಗೆ ಗಡ್ಡೆ ಕಟ್ಟಿದ್ದು ಈಗ ಹೊಳೆಯಾಗಿ ಹರಿಯಿತು. ತರಕಾರಿಯನ್ನು ಎರಡು ಸಲ ಬೇಯಿಸಿದ್ದಾರೆ, ನಿನ್ನೆಯದಕ್ಕೆ ಇವತ್ತಿನದನ್ನು ಬೆರೆಸಿದ್ದಾರೆ. ಅನ್ನದ ಮೇಲ್ಭಾಗ ಒಣಗಿದೆ, ಮುಚ್ಚಳ ತೆರೆದೇ ಇಟ್ಟಿದ್ದರು. ಪುಡಿಂಗಿನಲ್ಲಿ ತಪ್ಪಿಲ್ಲ, “ ‘ಆದ್ರೆ ಅತ್ತೆ, ತಪ್ಪಿಲ್ಲ ಅನ್ನೋದು ರುಚಿ ಅಲ್ಲ.’ ” ಪ್ರತಿ ತೀರ್ಪಿನ ಹಿಂದೆಯೇ ಅವರ ಗದ್ದ ಕೆಳಗಿಳಿಯುತ್ತಿತ್ತು, ಮುಖ ತಮ್ಮದಾಗುತ್ತಿತ್ತು, ಮತ್ತು ಆಗಷ್ಟೇ ಹಾಳುಗೆಡವಿದ ತಿನಿಸನ್ನೇ ಅವರು ತಟ್ಟೆ ಬಳಿದು ಸಂತೋಷವಾಗಿ ತಿನ್ನುತ್ತಿದ್ದರು. ಪಕ್ಕದ ಮೇಜಿನಲ್ಲಿ ಸೂಪು ಕುಡಿಯುತ್ತಿದ್ದ ದಪ್ಪ ಮನುಷ್ಯನೊಬ್ಬ ಒಮ್ಮೆ ಇವರನ್ನೂ ಒಮ್ಮೆ ಬಟ್ಟಲನ್ನೂ ನೋಡಿ, ಚಮಚ ಕೆಳಗಿಟ್ಟ.

ಕುರ್ಚಿಗಳಿಗೆ ಅಂಕ ಹಾಕಲು ತಕರಾರಪ್ಪನಿಗೆ ಯಾರ ನೆರವೂ ಬೇಕಿರಲಿಲ್ಲ. ಜ್ವರ ಅವನ ಬೆನ್ನನ್ನು ಮುಟ್ಟಿರಲಿಲ್ಲ.

ನಾಲಿಗೆ ಮೇಡಂ ಫೋನು ಹಿಡಿದು ಬಂದು, ತಕರಾರಪ್ಪ ಅತ್ತೆಯ ಪರಿಚಯ ಮಾಡಿಕೊಡುತ್ತಿದ್ದಂತೆ ಎದುರಿಗೆ ಕುಳಿತಳು. “ತೋರಿಸಿ,” ಎಂದಳು. ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು ಬೆರಳು ಇಳಿಸುತ್ತ ಹೋದಳು. ಬೆರಳು ಎಲ್ಲಿಯೂ ನಿಲ್ಲಲಿಲ್ಲ.

“ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸೂಪಿನ ಹಸಿ ಹಿಟ್ಟು ಕೂಡ ಹಿಡಿದಿದೀರಿ.”

ತಕರಾರಪ್ಪ ಉಸಿರು ಬಿಟ್ಟ. ಅವಳು ಏಳಲಿಲ್ಲ.

“ಒಂದು ಮಾತು ಬಾಕಿ ಇದೆ. ನಾನು ಅಲ್ಲಿಂದ ನೋಡ್ತಾನೇ ಇದ್ದೆ. ಪ್ರತಿ ಸಲ ಈ ಅಮ್ಮ ಮೊದಲು ತಿಂದ್ರು, ನೀವು ಬಗ್ಗಿ ಅವರ ಮಾತು ಕೇಳಿದ್ರಿ, ಆಮೇಲೆ ಅಂಕ ಹಾಕಿದ್ರಿ. ನಿಮ್ಮ ಚಮಚ ನಿಮ್ಮ ಬಾಯಿಗೆ ಹೋಗಿದ್ದು ನೆಪಕ್ಕೆ. ಜ್ವರ ಅಂತ ರಜೆ ಹಾಕಿದ್ರಲ್ಲ, ಮೂಗು ಹೋಗಿದೆಯಾ?”

ತಕರಾರಪ್ಪ ಉತ್ತರ ಹುಡುಕುವಷ್ಟರಲ್ಲಿ ಅವಳು ಅತ್ತೆಯ ಕಡೆ ತಿರುಗಿದ್ದಳು. “ಇವರನ್ನ ಬಿಡಿ. ಅಮ್ಮಾ, ನೀವು ಹೇಳಿ. ಸೂಪ್ ಹೇಗಿತ್ತು?”

ಅತ್ತೆಯ ಬೆನ್ನು ನೆಟ್ಟಗಾಗಬಹುದು, ಹುಬ್ಬು ಏರಬಹುದು, “ತಪ್ಪು ತಿಳ್ಕೋಬೇಡಿ” ಎಂದು ಆರಂಭವಾಗಬಹುದು ಎಂದು ಅವನು ಕಣ್ಣು ಮುಚ್ಚಿದ.

“ಬಹಳ ಚೆನ್ನಾಗಿತ್ತು ತಾಯಿ,” ಎಂದರು ಅತ್ತೆ.

“ಬ್ರೆಡ್?”

“ಅದೂ ಚೆನ್ನಾಗಿತ್ತು.”

“ಮೊಟ್ಟೆ ಗಟ್ಟಿ ಅನ್ನಿಸ್ಲಿಲ್ವಾ?”

“ಇನ್ನೊಂದು ಸಿಗತ್ತಾ ಅಂತ ಇವರನ್ನ ಕೇಳೋಣ ಅಂತಿದ್ದೆ.”

“ಯಾವುದರಲ್ಲೂ ಏನೂ ಕೊರತೆ ಇರ್ಲಿಲ್ವಾ?”

“ಕೂತಲ್ಲಿಗೆ ಊಟ ಬಂದಿದೆ. ಕೊರತೆ ಅಂದ್ರೆ ನನ್ನ ಬಾಯಲ್ಲಿ ಹುಳ ಬೀಳತ್ತೆ.”

ಅವರ ಖಾಲಿ ತಟ್ಟೆಗಳೂ ಅದನ್ನೇ ಹೇಳುತ್ತಿದ್ದವು. ನಾಲಿಗೆ ಮೇಡಂ ಅವುಗಳನ್ನು ನೋಡಿದಳು, ಅತ್ತೆಯ ತೃಪ್ತ ಮುಖವನ್ನು ನೋಡಿದಳು, ತಕರಾರಪ್ಪ ಹಾಕಿದ್ದ ನಿರ್ದಯ ಅಂಕಗಳನ್ನು ನೋಡಿದಳು. ಆಮೇಲೆ ನಕ್ಕಳು. ಅವಳು ನಗುವುದನ್ನು ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ.

“ಕ್ಷಮಿಸಿ. ಇವರ ನಾಲಿಗೆ ಕಡ ತಂದಿದೀರಿ ಅಂದ್ಕೊಂಡಿದ್ದೆ. ಈ ನಾಲಿಗೆ ನಂಬಿ ಅಂಕ ಹಾಕಿದ್ರೆ ಇವತ್ತು ಈ ಲೌಂಜಿಗೆ ಚಿನ್ನದ ಪದಕ ಬರ್ತಿತ್ತು. ಅತ್ತೆ ಹೊಗಳೋದನ್ನೆಲ್ಲ ತಾಳ್ಮೆಯಿಂದ ಕೇಳಿ, ಒಂದಕ್ಕೂ ಸೊಪ್ಪು ಹಾಕದೆ ನಿಮ್ಮದೇ ಅಂಕ ಹಾಕಿದೀರಿ. ಒಳ್ಳೆ ತೀರ್ಪುಗಾರರು. ಒಳ್ಳೆ ಅಳಿಯನೂ ಹೌದು. ಆ ಹಾಲಿನ ದಿನ ಜ್ವರದ ಸುಸ್ತು ಅಂತ ಮೇಲಿನವರಿಗೆ ಹೇಳ್ತೀನಿ.”

ಹಿಂತಿರುಗುವ ಬಸ್ಸಿನಲ್ಲಿ ತಕರಾರಪ್ಪ ಅತ್ತೆಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ತನಗೆ ಅಭ್ಯಾಸವಿಲ್ಲದ ದನಿಯಲ್ಲಿ, “ಅತ್ತೆ, ನನಗೋಸ್ಕರ ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ರಿ,” ಎಂದ.

“ಸುಳ್ಳಾ? ಯಾವುದು ಸುಳ್ಳು?”

“ಸೂಪು ಚೆನ್ನಾಗಿತ್ತು ಅಂದ್ರಲ್ಲ.”

“ಚೆನ್ನಾಗೇ ಇತ್ತಲ್ರೀ. ಹೆಸರಿಟ್ಟಿದ್ದು ನೀವು, ನಾನಲ್ಲ,” ಎಂದು ಅತ್ತೆ ಶಾಲು ಎಳೆದುಕೊಂಡರು. “ಮುಂದಿನ ಲೌಂಜು ಯಾವತ್ತು? ಬುಧವಾರ ಬೇಡ, ಬುಧವಾರ ನನಗೆ ಕೆಲಸ ಇದೆ.”

ಅಂದಿನಿಂದ ಇಬ್ಬರೂ ಜೊತೆಯಾಗಿ ಹೋಗಿಬರತೊಡಗಿದರು. ಅತ್ತೆ ಅಳಿಯನ ದನಿಯಲ್ಲಿ ತೀರ್ಪು ಕೊಡುತ್ತಿದ್ದರು, ತಮ್ಮ ಬಾಯಿಂದ ಉಣ್ಣುತ್ತಿದ್ದರು. ತಕರಾರಪ್ಪ ಒರಗುಕುರ್ಚಿಯಲ್ಲಿ ಕಾಲು ಚಾಚಿ ಅಂಕ ಹಾಕುತ್ತಿದ್ದ. ಅವನ ವರದಿಗಳು ಹಿಂದೆಂದಿಗಿಂತ ಖಾರವಾಗಿವೆ ಎಂದು ಕಂಪನಿಯಲ್ಲಿ ಹೆಸರಾಯಿತು.

ಮೂಗು ತಿರುಗಿ ಬಂದದ್ದು ಅಂಥದೊಂದು ಲೌಂಜಿನಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ. ಮೊದಲು ಹತ್ತಿದ್ದು ಕಾಫಿಯ ವಾಸನೆಯಲ್ಲ, ಬ್ರೆಡ್ಡಿನದೂ ಅಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆ ಮಂಡಿಗೆ ಹಚ್ಚಿಕೊಂಡು ಬಂದಿದ್ದ ನೋವಿನ ಎಣ್ಣೆಯದು. ಘಾಟಿಗೆ ಅವನ ತಲೆ ಹಿಂದಕ್ಕೆ ಹೋಯಿತು.

“ಅತ್ತೆ, ತಪ್ಪು ತಿಳ್ಕೋಬೇಡಿ, ಈ ಎಣ್ಣೆ...” ಎಂದು ಆರಂಭಿಸಿದ.

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. “ಯಾವ ಎಣ್ಣೆ? ಮೂಗು ಬಂತಾ?”

ತಕರಾರಪ್ಪ ಯೋಚಿಸಿದ. ಎದುರಿನ ಸಾಲಿನಲ್ಲಿ ಬಗೆಬಗೆಯ ಪಾತ್ರೆಗಳಿದ್ದವು. ಅವುಗಳಲ್ಲಿದ್ದುದರ ವಾಸನೆ ಈಗ ಒಂದೊಂದಾಗಿ ಅವನತ್ತ ಬರುತ್ತಿತ್ತು, ಯಾವುದೂ ಆಶಾದಾಯಕವಾಗಿರಲಿಲ್ಲ. ನಿಜ ಹೇಳಿದರೆ ಎದ್ದು ಹೋಗಿ ಅಷ್ಟನ್ನೂ ತಾನೇ ತಿನ್ನಬೇಕು. ಮತ್ತು ಆ ಒರಗುಕುರ್ಚಿ, ಅವನು ಈವರೆಗೆ ಕೂತ ಕುರ್ಚಿಗಳಲ್ಲೆಲ್ಲ, ಸೊಂಟಕ್ಕೆ ಅತ್ಯುತ್ತಮವಾದದ್ದಾಗಿತ್ತು.

“ಇಲ್ಲ ಅತ್ತೆ. ಸೀಸೆ ಖಾಲಿಯಾಗಿದ್ರೆ ಹೊಸದು ತರೋಣ ಅಂತ ಕೇಳ್ದೆ.”

ಅತ್ತೆ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ಅವನ ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದುದನ್ನು ಖಂಡಿತ ಕಂಡಿರಬೇಕು.

“ತನ್ನಿ,” ಎಂದರು. “ದೊಡ್ಡ ಸೀಸೆ ತನ್ನಿ. ಈಗ ಏಳಿ, ಇನ್ನೊಂದು ಸ್ವಲ್ಪ ಪುಡಿಂಗ್ ಹಾಕಿಸ್ಕೊಂಡು ಬನ್ನಿ. ಸರಿಯಾಗಿ ನೋಡದೆ ಹೆಸರಿಡೋದು ತಪ್ಪಾಗತ್ತೆ.”

ತಕರಾರಪ್ಪ ಉಸಿರು ಬಿಗಿಹಿಡಿದುಕೊಂಡು ಎದ್ದ.